ಸಹಿ ಹಾಕುವ ಮೊದಲು ತನ್ವಿ ಕೇಳಿದ್ದು

ತನ್ವಿಗೆ ಆರು ತಿಂಗಳು ತುಂಬಿತ್ತು. ವಿಷಯ ಗೊತ್ತಿದ್ದವರು ಮೂರೇ ಜನ: ಮಗುವಿನ ತಂದೆ ಅಖಿಲ್, ರೂಮ್‌ಮೇಟ್ ಸಿಯಾ, ಮತ್ತು ಫೋನಿನಲ್ಲಿ ಮಾತ್ರ ಪರಿಚಯವಾಗಿದ್ದ ಒಬ್ಬ ಹೆಂಗಸು.

ತನ್ವಿ ಮೈಸೂರಿನವಳು. ಡಾಲಸ್‌ನಲ್ಲಿ ಎಂ.ಎಸ್. ಓದುತ್ತಿದ್ದಳು. ಅಖಿಲ್ ಕೆಲಸ ಸಿಕ್ಕಿ ಆಸ್ಟಿನ್‌ಗೆ ಶಿಫ್ಟ್ ಆಗಿದ್ದ. ಇಬ್ಬರೂ ದೂರವಾಗಿದ್ದರು. ಮಗುವನ್ನು ಒಂದು ಒಳ್ಳೆಯ ಮನೆಗೆ ದತ್ತು ಕೊಡಬೇಕು ಎಂದು ತನ್ವಿ ಯೋಚಿಸಿದ್ದಳು. ಹೇಗೆ ಎಂಬುದು ಗೊತ್ತಿರಲಿಲ್ಲ.

ಇಂಟರ್‌ನೆಟ್‌ನಲ್ಲಿ ಆ ಹೆಂಗಸನ್ನು ಹುಡುಕಿಕೊಟ್ಟವಳು ಸಿಯಾ. ಮಗು ಬೇಕೆನ್ನುವವರಿಗೂ ಗರ್ಭಿಣಿಯರಿಗೂ ನಡುವೆ ನಿಂತು ಜೋಡಿ ಮಾಡುವ ಮಧ್ಯವರ್ತಿ ಅವಳು. ತನ್ನನ್ನು ‘ಫೆಸಿಲಿಟೇಟರ್’ ಎಂದು ಕರೆದುಕೊಳ್ಳುತ್ತಿದ್ದಳು. ದಿನಾ ಮೆಸೇಜ್ ಮಾಡುತ್ತಿದ್ದಳು. ಊಟ ಆಯಿತಾ? ಮಗು ಒದೆಯಿತಾ? ಅಮ್ಮನ ಹತ್ತಿರವೂ ಹೇಳಿಕೊಳ್ಳಲಾಗದ ತನ್ವಿಗೆ ಅಷ್ಟು ಕೇಳುವವರು ಸಿಕ್ಕಿದ್ದೇ ದೊಡ್ಡ ಸಮಾಧಾನ.

“ಹೆರಿಗೆಯವರೆಗೆ ಇರಲು ಹ್ಯೂಸ್ಟನ್‌ನಲ್ಲಿ ನಿನಗೆ ಅಪಾರ್ಟ್‌ಮೆಂಟ್ ರೆಡಿ ಇದೆ. ಶನಿವಾರ ಬಂದುಬಿಡು,” ಎಂದಳು ಆ ಹೆಂಗಸು.

ಆ ವಾರದ ಗುರುವಾರ ತನ್ವಿ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಕ್ಲಿನಿಕ್‌ಗೆ ಚೆಕಪ್‌ಗೆ ಹೋದಳು. ಫೋನಿನಲ್ಲಿ, “ಸಿಯಾ, ತಲೆ ಸುತ್ತುತ್ತಾ ಇದೆ ಕಣೇ,” ಎನ್ನುವುದು ಅಲ್ಲಿನ ನರ್ಸ್ ಕಿವಿಗೆ ಬಿತ್ತು.

“ಕನ್ನಡದಾಕಿ ಏನವಾ ನೀ?”

ತನ್ವಿ ಥಟ್ಟನೆ ಫೋನ್ ಕಟ್ ಮಾಡಿದಳು. ಇನ್ನು ಊರಿಗೆಲ್ಲ ಗೊತ್ತಾಯಿತು ಎಂದುಕೊಂಡಳು. ನರ್ಸ್ ಶಕುಂತಲಾ ವಿಜಯಪುರದ ಕಡೆಯವರು. ಹುಡುಗಿಯ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. ನೀರು ಕೊಟ್ಟು, “ಇಲ್ಲಿ ಕೇಳಿದ್ದು ಇಲ್ಲೇ ಉಳೀತದ. ಅದು ನನ್ನ ಕೆಲಸದ ನಿಯಮ, ನನ್ನ ಮಾತೂ ಹೌದು. ಹೆದರಬ್ಯಾಡ,” ಎಂದರು.

ತನ್ವಿ ಎಲ್ಲವನ್ನೂ ಹೇಳಿದಳು.

“ಆಕಿಗೆ ಲೈಸೆನ್ಸ್ ಐತೇನವಾ?” ಶಕುಂತಲಾ ಕೇಳಿದರು.

“ಕೇಳಿಲ್ಲ ಆಂಟಿ. ತುಂಬಾ ಒಳ್ಳೆಯವರ ಥರ ಮಾತಾಡ್ತಾರೆ.”

“ಮಾತು ಯಾರ್ ಬೇಕಾದ್ರೂ ಆಡ್ತಾರ. ಟೆಕ್ಸಾಸ್‌ನ್ಯಾಗ ಮಗೂನ್ನ ದತ್ತು ಕೊಡಿಸೋ ಏಜೆನ್ಸಿಗೆ ಸರಕಾರದ ಲೈಸೆನ್ಸ್ ಬೇಕು. ತಪ್ಪು ಮಾಡಿದ್ರ ಕೇಳೋರು ಇರ್ತಾರ. ಈಕಿನ್ನ ಯಾರು ಕೇಳ್ತಾರ? ಈಗ ಫೋನ್ ಹಚ್ಚು. ಲೈಸೆನ್ಸ್ ಕೇಳು, ಮನಸ್ಸು ಬದಲಾದ್ರ ಏನು ಅಂತನೂ ಕೇಳು.”

ತನ್ವಿ ಸ್ಪೀಕರ್ ಹಾಕಿ ಫೋನ್ ಮಾಡಿದಳು. ಲೈಸೆನ್ಸ್ ಎಂದ ಕೂಡಲೇ ಆ ಹೆಂಗಸು ನಕ್ಕಳು. “ನಮ್ಮದು ಸ್ನೇಹದ ಕೆಲಸ, ಅದೆಲ್ಲ ಯಾಕೆ?”

“ಹುಟ್ಟಿದ ಮೇಲೆ ನನ್ನ ಮನಸ್ಸು ಬದಲಾದರೆ?”

ಆ ಹೆಂಗಸಿನ ದನಿ ಗಡುಸಾಯಿತು. “ನಿನಗಾಗಿ ಖರ್ಚು ಮಾಡಿದ್ದನ್ನೆಲ್ಲ ವಾಪಸ್ ಕೊಡಬೇಕಾಗುತ್ತದೆ. ಆ ಕುಟುಂಬಕ್ಕೆ ಮೋಸ ಮಾಡ್ತೀಯಾ? ಇನ್ನೊಂದು ಮಾತು, ದತ್ತಿನ ಫಾರ್ಮಿನಲ್ಲಿ ಮಗುವಿನ ತಂದೆ ಯಾರೆಂದು ಗೊತ್ತಿಲ್ಲ ಅಂತ ಬರಿ.”

ತನ್ವಿ ಫೋನ್ ಇಟ್ಟಳು.

“ಅಖಿಲ್‌ಗೆ ಗೊತ್ತಿದೆ ಆಂಟಿ. ಸುಳ್ಳು ಬರೀಬೇಕಾ ನಾನು?”

“ಬ್ಯಾಡವಾ. ತಂದೆಗೂ ಹಕ್ಕದ. ಮುಚ್ಚಿಟ್ರ ನಾಳೆ ಮಗೂಗೇ ತೊಂದರೆ.”

ಸಂಜೆ ತನ್ವಿ, ಹ್ಯೂಸ್ಟನ್‌ಗೆ ಹೋಗಲ್ಲ, ಲೈಸೆನ್ಸ್ ಇರುವ ಏಜೆನ್ಸಿಗೇ ಹೋಗೋಣ ಎಂದಾಗ ಸಿಯಾ ಒಪ್ಪಲಿಲ್ಲ. “ಏಜೆನ್ಸಿ ಅಂದ್ರೆ ಫಾರ್ಮು, ಇಂಟರ್‌ವ್ಯೂ, ಊರಲ್ಲಿ ಅಪ್ಪ ಅಮ್ಮಂಗೆ ಫೋನು. ಬೇಕಾ ನಿಂಗೆ?” ಎಂದಳು. ಆದರೂ ತನ್ವಿ ಪಟ್ಟು ಬಿಡಲಿಲ್ಲ. ಇಬ್ಬರೂ ಸೇರಿ ರಾಜ್ಯ ಸರ್ಕಾರದ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ಇರುವ ಏಜೆನ್ಸಿಗಳನ್ನು ನೋಡಿ, ಒಂದಕ್ಕೆ ಫೋನ್ ಮಾಡಿದರು.

ಆ ಏಜೆನ್ಸಿಯ ಕೌನ್ಸೆಲರ್ ಗ್ರೇಸ್ ಮನೆಗೇ ಬಂದಳು. ತನ್ವಿಯ ಒಪ್ಪಿಗೆ ಇಲ್ಲದೆ ಅವಳ ಮನೆಯವರಿಗೆ ಏನೂ ಹೇಳುವುದಿಲ್ಲ ಎಂದಳು. ಆಮೇಲೆ ಕೇಳಿದ ಮೊದಲ ಪ್ರಶ್ನೆ: “ಮಗುವನ್ನು ನೀನೇ ಸಾಕಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ?”

ಆರು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ತನ್ವಿ ಬಿಕ್ಕಿ ಬಿಕ್ಕಿ ಅತ್ತಳು. ಗ್ರೇಸ್ ಅವಸರ ಮಾಡದೆ ಕೂತಿದ್ದಳು. ಸಾಕುವುದಾದರೆ ಎಲ್ಲೆಲ್ಲಿ ಸಹಾಯ ಸಿಗುತ್ತದೆ, ಕೊಡುವುದಾದರೆ ಏನೇನಾಗುತ್ತದೆ, ಎರಡನ್ನೂ ಬಿಡಿಸಿ ಹೇಳಿದಳು. ಅಖಿಲ್ ಜೊತೆಗೂ ಬೇರೆಯಾಗಿ ಮಾತಾಡಿದಳು. ತನ್ವಿಯ ಪರವಾಗಿಯೇ ಮಾತಾಡುವ ವಕೀಲರನ್ನೂ ಗೊತ್ತುಮಾಡಿದಳು.

ಮುಂದಿನ ವಾರಗಳಲ್ಲಿ ತನ್ವಿ ಯೋಚಿಸಿ, ಕೊಡುವುದೆಂದೇ ತೀರ್ಮಾನಿಸಿದಳು. ಅಖಿಲ್ ಕೂಡ ಒಪ್ಪಿ ತನ್ನ ಪಾಲಿನ ಕಾಗದಕ್ಕೆ ಸಹಿ ಹಾಕಿದ. ಏಜೆನ್ಸಿ ವಿಚಾರಿಸಿ ನೋಡಿದ್ದ ಐದು ಕುಟುಂಬಗಳ ಆಲ್ಬಂ ಅವಳ ಮುಂದೆ ಬಂತು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಎಂಬ ಊರಿನ ದಂಪತಿಯ ಆಲ್ಬಂನ ಒಂದು ಫೋಟೊದಲ್ಲಿ, ಗಂಡನ ಯಾವುದೋ ತಮಾಷೆಗೆ ಹೆಂಡತಿ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

“ಈ ಮನೇಲಿ ನಗ್ತಾರೆ,” ಎಂದು ತನ್ವಿ ಅದನ್ನೇ ಆರಿಸಿದಳು.

ಹೆಣ್ಣು ಮಗು ಹುಟ್ಟಿತು. ಹುಟ್ಟಿ ನಲವತ್ತೆಂಟು ಗಂಟೆ ಆಗುವವರೆಗೆ ಟೆಕ್ಸಾಸ್‌ನಲ್ಲಿ ತಾಯಿ ಹಕ್ಕು ಬಿಡುವ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಮೂರನೆಯ ದಿನ ಗ್ರೇಸ್ ಕಾಗದ ತಂದಳು.

“ಇವತ್ತು ಆಗಲ್ಲ,” ಎಂದಳು ತನ್ವಿ. ಬೈಗುಳಕ್ಕೆ ಕಾದವಳ ಹಾಗೆ ತಲೆ ತಗ್ಗಿಸಿದಳು.

ಗ್ರೇಸ್ ಕಾಗದಗಳನ್ನು ಬ್ಯಾಗಿಗೆ ಹಾಕಿದಳು. “ಸರಿ. ಯಾವಾಗ ಬರಲಿ ಅಂತ ನೀನೇ ಹೇಳು. ಬೇಡ ಅಂದರೂ ಸರಿ.”

ಪಕ್ಕದಲ್ಲಿದ್ದ ಸಿಯಾ ಬಾಗಿಲವರೆಗೆ ಹೋಗಿ ಗ್ರೇಸ್ ಕೈ ಹಿಡಿದುಕೊಂಡಳು. “ಥ್ಯಾಂಕ್ಸ್,” ಎಂದಳು.

ಎರಡು ದಿನ ತನ್ವಿ, ಮಗು ಇಬ್ಬರೂ ಶಕುಂತಲಾ ಆಂಟಿಯ ಮನೆಯಲ್ಲಿದ್ದರು. ಆಂಟಿ ಬಿಸಿನೀರು ಹಾಕಿ, ಸಬ್ಬಸಿಗೆ ಪಲ್ಯ ಮಾಡಿ ಬಡಿಸಿದರು. ಹೀಗೆ ಮಾಡು, ಹಾಗೆ ಮಾಡು ಎಂದು ಒಂದು ಮಾತೂ ಆಡಲಿಲ್ಲ. ತನ್ವಿ ಮಗುವಿಗೆ ಹಾಲು ಕುಡಿಸಿದಳು, ಕಿವಿಯಲ್ಲಿ ತನ್ನ ಅಜ್ಜಿಯ ಹೆಸರು ಹೇಳಿದಳು. ಐದನೆಯ ದಿನ ತಾನೇ ಗ್ರೇಸ್‌ಗೆ ಫೋನ್ ಮಾಡಿದಳು. ಸಹಿ ಹಾಕಿ, ಆ ನಗುವ ಹೆಂಗಸಿನ ತೋಳಿಗೆ ಮಗುವನ್ನು ತಾನೇ ಇಟ್ಟಳು.

“ಇವಳು ನಿನಗೂ ನನಗೂ, ನಮ್ಮಿಬ್ಬರಿಗೂ ಮಗಳು,” ಎಂದಳು ಆಕೆ, ಅಳುತ್ತ.

ನೋವೇನೂ ಮಾಯವಾಗಲಿಲ್ಲ. ಗ್ರೇಸ್ ಈಗಲೂ ತಿಂಗಳಿಗೊಮ್ಮೆ ಮಾತಾಡಿಸುತ್ತಾಳೆ. ಮೊನ್ನೆ ಮಗುವಿಗೆ ವರ್ಷ ತುಂಬಿದಾಗ ಆ ದಂಪತಿಯೇ ಕರೆದರೆಂದು ತನ್ವಿ ಶುಗರ್ ಲ್ಯಾಂಡ್‌ಗೆ ಹೋಗಿದ್ದಳು. ಮಗು ಅವಳ ಬೆರಳು ಹಿಡಿದು ನಾಲ್ಕು ಹೆಜ್ಜೆ ನಡೆಯಿತು.

ಅಕ್ಕ ತಂಗಿಯರೇ, ನೀವೋ ನಿಮ್ಮ ಗೆಳತಿಯೋ ಇಂಥ ದಾರಿಯಲ್ಲಿ ನಿಂತಿದ್ದರೆ, ಸಿಹಿ ಮಾತಿಗೆ ಮೊದಲು ಲೈಸೆನ್ಸ್ ಕೇಳಿ. ಸರ್ಕಾರದ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ನೀವೇ ನೋಡಿ. ಒಮ್ಮೆ ಸಹಿ ಬಿದ್ದರೆ ಹಿಂದಕ್ಕೆ ಪಡೆಯುವುದು ಬಹಳ ಕಷ್ಟ, ಆದ್ದರಿಂದ ನಿಮ್ಮದೇ ವಕೀಲರ ಹತ್ತಿರ ಓದಿಸಿ. ತಂದೆಯ ಹೆಸರು ಮುಚ್ಚಿಡು ಎನ್ನುವವರಿಂದ, ಖರ್ಚಿನ ಲೆಕ್ಕ ತೋರಿಸಿ ಹೆದರಿಸುವವರಿಂದ ದೂರವಿರಿ. ಮಗುವನ್ನು ಸಾಕುವುದೋ ಕೊಡುವುದೋ, ತೀರ್ಮಾನ ನಿಮ್ಮದು. ಅದನ್ನು ನಿಮ್ಮಿಂದ ಕಿತ್ತುಕೊಳ್ಳಲು ಯಾರನ್ನೂ ಬಿಡಬೇಡಿ.