ಅನ್ನವ್ವನ ದಡಿಗಳು, ಅವಧಿ ಮುಗಿದ ಆ್ಯಂಟಿವೈರಸ್

ಕಂಪ್ಯೂಟರ್ ತೆರೆದ ಕೂಡಲೇ ಮೂಲೆಯಲ್ಲಿ ಕೆಂಪು ಸೂಚನೆಯೊಂದು ಬರುತ್ತದೆ. ಓದದೆ ಮುಚ್ಚುತ್ತೇವೆ. ನಮ್ಮ ಬನಹಟ್ಟಿಯಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ನಡೆಯುತ್ತಿದೆಯೋ! ಮುತ್ತಪ್ಪಣ್ಣನ ಮನೆಯಲ್ಲಿ ಒಂದೂವರೆ ವರ್ಷ ನಡೆಯಿತು.

ನಾನು ಪೂನಮ್. ರಬಕವಿಯಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮುತ್ತಪ್ಪಣ್ಣ ನಮ್ಮ ಪಕ್ಕದ ಮನೆಯವರು, ಸೊಸೈಟಿಯಲ್ಲಿ ಗುಮಾಸ್ತರು. ಅವರ ತಾಯಿ ಅನ್ನವ್ವ ನಲವತ್ತು ವರ್ಷ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆದವಳು. ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ತುಂಬಿ ಕಣ್ಣು ಹೋದವು. ಮುತ್ತಪ್ಪಣ್ಣನ ಹೆಂಡತಿ ಅಂಜನಕ್ಕ ಎರಡು ವರ್ಷ ಕೂತು ಆ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದಳು. ಆಮೇಲೆ ಗೆದ್ದಲು ಹಿಡಿದ ಆ ಹಾಳೆಗಳನ್ನೆಲ್ಲ ಒಲೆಗೆ ಹಾಕಿದರು.

ನಕ್ಷೆಯನ್ನು ಪೆನ್ ಡ್ರೈವಿಗೆ ಹಾಕಿ, ಅದರಂತೆ ಮಗ್ಗದ ರಟ್ಟಿನ ಕಾರ್ಡಿಗೆ ತೂತು ಹೊಡೆಯುವ ಅಂಗಡಿಗೆ ಒಯ್ಯುವುದು ನಮ್ಮಲ್ಲಿ ರೂಢಿ. ಇಡೀ ಓಣಿಗೆ ಒಂದೇ ಪೆನ್ ಡ್ರೈವ್. ಇವತ್ತು ಈ ಮನೆ, ನಾಳೆ ಆ ಮನೆ. ಅದರೊಳಗೆ ಏನೇನು ಸೇರಿಕೊಂಡಿದೆ ಎಂದು ನೋಡುವವರೇ ಇಲ್ಲ.

ಹೋದ ವರ್ಷ, 2010ರಲ್ಲಿ, ಮುತ್ತಪ್ಪಣ್ಣನ ಮನೆಗೆ ಹೋದಾಗ ಆ ಕೆಂಪು ಸೂಚನೆ ನನ್ನ ಕಣ್ಣಿಗೆ ಬಿತ್ತು.

“ಅಣ್ಣಾ, ನಿಮ್ಮ ಆ್ಯಂಟಿವೈರಸ್ ಅವಧಿ ಮುಗದೈತ್ರಿ. ರಿನ್ಯೂ ಮಾಡಸ್ರಿ.”

“ಯಾಕ ತಂಗಿ? ರೊಕ್ಕಾ ಕೊಟ್ಟ ತಂದೇನಿ. ಮಗ್ಗಾ ತಂದ್ರ ವರ್ಸಾ ವರ್ಸಾ ಮತ್ತ ರೊಕ್ಕಾ ಕೊಡ್ತೇವೇನು?”

“ಇದು ಮಗ್ಗಾ ಅಲ್ರೀ. ದಿನಾ ಹೊಸಾ ವೈರಸ್ ಬರ್ತಾವ. ಅವನ್ನ ಗುರ್ತಾ ಹಿಡಿಯಾಕ ಇದಕ್ಕ ದಿನಾ ಹೊಸಾ ಮಾಹಿತಿ ಬೇಕು. ಅವಧಿ ಮುಗೀತಂದ್ರ ಅದು ಬಂದ್. ರೊಕ್ಕಾ ಬ್ಯಾಡಂದ್ರ ಪುಕ್ಕಟಿದು ಹಾಕ್ಕೋರಿ.”

“ಪುಕ್ಕಟಿ ಸಿಗೂದು ಏನ್ ಕಿಸೀತೈತಿ ಬಿಡ!”

ಅಂಜನಕ್ಕ ನಡುವೆ ಬಾಯಿ ಹಾಕಿದಳು. “ಎಲ್ಡಕ್ಕೂ ಫರಕ ಏನವಾ?”

“ರೊಕ್ಕದ್ರಾಗ ಕಾವಲು ಒಂದೀಟ ಹೆಚ್ಚರಿ, ಫೋನ್ ಮಾಡಿದ್ರ ಸಹಾಯಾನೂ ಸಿಗತೈತಿ. ಕಂಪ್ಯೂಟರಿನ್ಯಾಗ ಬ್ಯಾಂಕ್ ವ್ಯವಹಾರ ಮಾಡಾವ್ರಿಗೆ ಅದ ಛಲೋ. ಮನಿ ಕೆಲಸಕ್ಕ ಪುಕ್ಕಟಿದೂ ಸಾಕ್ರಿ, ಆದ್ರ ಕಂಪನಿ ವೆಬ್‌ಸೈಟಿನಿಂದನ ಇಳಿಸ್ಕೋಬೇಕು. ಅವಧಿ ಮುಗದ ರೊಕ್ಕದ್ದಕ್ಕಿಂತ ದಿನಾ ಅಪ್‌ಡೇಟ್ ಆಗೂ ಪುಕ್ಕಟಿದು ಎಷ್ಟೋ ಮೇಲು. ಮತ್ತ ಅನ್ನವ್ವ ಆಯಿ ನಕ್ಷಿಗೋಳು ಒಂದು ಸಿ.ಡಿ.ಯಾಗೂ ಇರಲಿ.”

“ನೋಡೂಣು ತಗೊ,” ಎಂದರು ಮುತ್ತಪ್ಪಣ್ಣ. ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು.

ಚಹಾ ಕುಡಿದು ಎದ್ದು ಬಂದೆ. ಅಲ್ಲೇ ಕೂತು ಪುಕ್ಕಟೆಯದನ್ನು ಹಾಕಿಕೊಡಲು ಅರ್ಧ ತಾಸು ಸಾಕಿತ್ತು. ದೊಡ್ಡವರ ಎದುರು ವಾದ ಮಾಡಬಾರದೆಂದು ಸುಮ್ಮನಾದೆ. ನನ್ನ ಆ ಮರ್ಯಾದೆಗಿಷ್ಟು ಬೆಂಕಿ ಹಾಕಬೇಕು.

ಎರಡು ತಿಂಗಳಾಗಿತ್ತು. ಪೆನ್ ಡ್ರೈವ್ ಯಾರದೋ ಮನೆಯಿಂದ ವೈರಸ್ ಹೊತ್ತು ತಂದಿತು. ಅಂಜನಕ್ಕ ನಕ್ಷೆ ತೆರೆಯಲು ಹೋದಳು. ಫೈಲುಗಳ ಹೆಸರುಗಳೆಲ್ಲ ಇದ್ದವು, ಒಂದೂ ತೆರೆಯಲಿಲ್ಲ. ನನ್ನನ್ನು ಕರೆದರು. ವೈರಸ್ಸನ್ನು ತೆಗೆದೆ. ಕೆಟ್ಟ ಫೈಲುಗಳು ಸರಿಯಾಗಲಿಲ್ಲ. ಸಿ.ಡಿ.ಯನ್ನೂ ಮಾಡಿಸಿರಲಿಲ್ಲ. ಬೆಳಗಾವಿಯವರೆಗೂ ಒಯ್ದು ತೋರಿಸಿದೆವು. ಅವರೂ ಕೈ ಚೆಲ್ಲಿದರು.

“ಎಲ್ಲಾ ಹೋದೂವನ ಮಗಳ?” ಅನ್ನವ್ವ ಕೇಳಿದಳು.

“ಹೂಂ ಆಯಿ.”

“ಮತ್ತ ಬರೀಬೇಕಂದ್ರ ಕಣ್ಣಿಲ್ಲಲ್ಲ ನನಗ.”

ಅಷ್ಟೇ ಅಂದಳು. ಮಗನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಮುತ್ತಪ್ಪಣ್ಣನಿಗೂ ಹಗುರಾಗುತ್ತಿತ್ತೇನೋ.

“ನಂದ ತಪ್ಪಾತು ತಂಗಿ,” ಎಂದರು ಮುತ್ತಪ್ಪಣ್ಣ. “ವರ್ಸಾ ವರ್ಸಾ ನೆನಪಿಟ್ಟು ರೊಕ್ಕಾ ತುಂಬೂದು ನನ್ನಿಂದ ಆಗೂದಿಲ್ಲ. ಪುಕ್ಕಟಿದ ಹಾಕಿ ಕೊಡು.”

ಹಳೆಯದನ್ನು ತೆಗೆದು ಪುಕ್ಕಟೆಯದನ್ನು ಹಾಕಿದೆ. ಎರಡೆರಡು ಒಟ್ಟಿಗಿದ್ದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ. ಪೆನ್ ಡ್ರೈವ್ ಸ್ಕ್ಯಾನ್ ಮಾಡುವುದನ್ನು ಅಂಜನಕ್ಕನಿಗೆ ಕಲಿಸಿದೆ. ಈಗ ಆ ಕಂಪ್ಯೂಟರಿಗೆ ಒಳ್ಳೆಯ ಕಾವಲಿದೆ. ಕಾಯುವಂಥದ್ದೇ ಒಳಗೆ ಉಳಿದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಪುಕ್ಕಟೆಯೋ ದುಡ್ಡಿನದೋ ಎಂದು ಕಟ್ಟೆಯ ಮೇಲೆ ಆಮೇಲೆ ವಾದ ಮಾಡಿ. ನಿಮ್ಮದು ಇವತ್ತು ಅಪ್‌ಡೇಟ್ ಆಗಿದೆಯೇ, ಮೊದಲು ಅದನ್ನು ನೋಡಿ. ಪ್ರತಿ ವರ್ಷ ತಪ್ಪದೆ ದುಡ್ಡು ತುಂಬುವವರು ಕೊಂಡು ಹಾಕಿ. ಆಗದವರು ಪುಕ್ಕಟೆಯದನ್ನು ಹಾಕಿ, ಅದರಲ್ಲಿ ನಾಚಿಕೆಯೇನಿಲ್ಲ. ಯಾರದೇ ಪೆನ್ ಡ್ರೈವ್ ಇರಲಿ, ಸ್ಕ್ಯಾನ್ ಮಾಡದೆ ತೆರೆಯಬೇಡಿ. ಮತ್ತೆ ಮಾಡಲಾಗದಂಥದ್ದು ಏನೇ ಇದ್ದರೂ ಅದರ ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಗೊತ್ತಾಗದಿದ್ದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಎಲ್ಲ ಹೋದ ಮೇಲೆ ಕರೆದರೂ ಬರುತ್ತೇನೆ, ಆದರೆ ಬಂದು ನಿಮ್ಮ ಜೊತೆ ಕೂತು ಅಳಬಲ್ಲೆ, ಅಷ್ಟೇ.