ಗಾಜು ಮುಟ್ಟಬಾರದು

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದವನು, ಸತ್ತಿದ್ದು ಮೆಟ್ಟಿಲ ಮೇಲೆ. ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿ ಲಿಫ್ಟು ಸಿಕ್ಕಿಹಾಕಿಕೊಂಡಿತ್ತಂತೆ. ಅದನ್ನು ನೋಡಲು ಹತ್ತಿಕೊಂಡು ಹೋಗುತ್ತಿದ್ದವನು ನಾಲ್ಕನೇ ಮಹಡಿಯ ಹತ್ತಿರ ಕೂತ, ಮತ್ತೆ ಏಳಲಿಲ್ಲ. ಇದನ್ನು ನಾನು ಹೀಗೇ, ಜೋಕಿನ ಹಾಗೆ, ನಾನು ಕೆಲಸ ಮಾಡುವ, ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಪಕ್ಕದ ಮೇಜಿನವಳಿಗೆ ಹೇಳಿಬಿಟ್ಟೆ. ಅವಳು ಉಜ್ಜುತ್ತಿದ್ದ ಹಲ್ಲಿನ ಸೆಟ್ಟನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ, ನನ್ನ ಗಂಟೇನು ಹೋಯಿತು.

ಎರಡು ತಿಂಗಳಾದರೂ ನನಗೆ ಅಳು ಬಂದಿರಲಿಲ್ಲ. ತಡೆದುಕೊಂಡಿದ್ದೆ ಎಂದಲ್ಲ. ತಡೆಯಬೇಕಾದರೆ ಒಳಗೆ ಏನಾದರೂ ಇರಬೇಕಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಇಂಜೆಕ್ಷನ್ ಕೊಟ್ಟರೆ ತುಟಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಹಾಗಿದ್ದೆ. ಬೆಳಿಗ್ಗೆ ಏಳುತ್ತಿದ್ದೆ, ಬಸ್ಸು ಹಿಡಿಯುತ್ತಿದ್ದೆ, ಯಾರದೋ ಬಾಯಿಗೆ ಹಲ್ಲು ಜೋಡಿಸುತ್ತಿದ್ದೆ, ಬರುತ್ತಿದ್ದೆ. ಉಪ್ಪು ಹಾಕುವುದನ್ನು ಮರೆತರೂ ಹಾಗೇ ತಿನ್ನುತ್ತಿದ್ದೆ.

ನಾದಿನಿಗೆ ಇದೇ ಚಿಂತೆ. ವಾರಕ್ಕೆರಡು ಸಲ ಬಂದು ನನ್ನ ಎದುರು ಕೂತು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ನನ್ನನ್ನೇ ನೋಡುತ್ತಿದ್ದಳು.

“ಅತ್ತಿಗೆ, ಒಂದ್ಸಲ ಅತ್ತುಬಿಡಿ. ಮನಸ್ಸು ಹಗುರ ಆಗತ್ತೆ.”

“ಬಂದ್ರೆ ಅಳಲ್ವೇನೇ? ನಾನೇನು ಬೀಗ ಹಾಕಿಟ್ಟಿದೀನಾ?”

“ಅಣ್ಣ ಅಂದ್ರೆ ನಿಮಗೆ ಅಷ್ಟೇನಾ ಅಂತ ಜನ ಅನ್ಕೋತಾರೆ.”

ಜನ ಅಂದರೆ ಅವಳೇ. ಆದರೆ ಆ ಮಾತು ನನಗೂ ಒಂದು ಕಡೆ ಸಿಕ್ಕಿಕೊಂಡಿತ್ತು. ಇಪ್ಪತ್ತೆರಡು ವರ್ಷ ಜೊತೆಗಿದ್ದವನು ಹೋದರೆ ಇಷ್ಟೇನಾ? ಹಾಗಾದರೆ ನನಗೆ ಅವನ ಮೇಲೆ ಇದ್ದದ್ದಾದರೂ ಏನು? ಬಟ್ಟೆ ಮಡಿಸುವಾಗ, ಬಸ್ಸಿನಲ್ಲಿ ಕೂತಾಗ ಇದನ್ನೇ ಕೇಳಿಕೊಳ್ಳುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಅದಕ್ಕೆ ನಿಜವಾಗಿ ಹೆದರಿದ್ದೆ.

ಬಾಲ್ಕನಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಅವನ ಮೇಜು ಹಾಗೇ ಇತ್ತು. ಅವನಿಗೆ ಪ್ಲಾಸ್ಟಿಕ್ಕಿನ ಪುಟಾಣಿ ಕಾರು ಕಟ್ಟುವ ಹುಚ್ಚು. ಡಬ್ಬಿಯಲ್ಲಿ ಬಿಡಿಬಿಡಿ ಭಾಗಗಳು ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಅಂಟಿಸಿದರೆ ಅಂಗೈಯಷ್ಟು ದೊಡ್ಡ ಕಾರು ಆಗುತ್ತದೆ, ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಭಾಗ. ಡಬ್ಬಿಯ ಮೇಲಿನ ಚಿತ್ರದ ಹಾಗೆ ಕಟ್ಟಿದರೆ ಅವನಿಗೆ ಸಮಾಧಾನವಿಲ್ಲ. ಬಾಗಿಲು ಕೊಯ್ದು ಬೇರೆ ಕಡೆ ಕೂರಿಸುವುದು, ಚಾವಣಿ ಇಳಿಸುವುದು, ಹೊಸ ಕಾರನ್ನು ಹಳೆಯದು ಮಾಡಲು ಬಂಪರಿಗೆ ತುಕ್ಕಿನ ಬಣ್ಣ ಬಳಿಯುವುದು. “ನಮ್ಮನೇಲಿ ಒಂದು ಕುಕ್ಕರಿನ ಹಿಡಿ ಅಲ್ಲಾಡ್ತಾ ಒಂದು ವರ್ಷ ಆಯ್ತು,” ಎಂದು ನಾನು ರೇಗಿದರೆ, “ಅದು ನಿಜವಾದ ಸೈಜು ಕಣೇ, ನನಗೆ ಬರಲ್ಲ,” ಎನ್ನುತ್ತಿದ್ದ.

ಅವನು ಹೋದಾಗ ಮೇಜಿನ ಮೇಲಿದ್ದದ್ದು ಒಂದು ಹಸಿರು ಕಾರು. ನಾವು ಮದುವೆಯಾದ ಹೊಸದರಲ್ಲಿ ಇಟ್ಟುಕೊಂಡಿದ್ದ ಹಳೇ ಗಾಡಿಯದೇ ಪಡಿಯಚ್ಚು. ಆ ಮಾದರಿ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಯಾವುದೋ ಎರಡು ಬಾಗಿಲಿನ ಕಾರನ್ನು ತಂದು ನಾಲ್ಕು ಬಾಗಿಲಿನದ್ದಾಗಿ ಮಾಡಿದ್ದ. ಎಡಗಡೆ ಹಿಂದಿನ ಬಾಗಿಲಿಗೆ ನಾನು ಗೇಟಿಗೆ ಗುದ್ದಿ ಮಾಡಿದ ತಗ್ಗನ್ನೂ ಬಿಟ್ಟಿರಲಿಲ್ಲ. ಮುಂದಿನ ಗಾಜು ಕೂರಿಸುವುದು, ಮೇಲಿನ ಮೈಯನ್ನು ಕೆಳಗಿನ ತಳಕ್ಕೆ ಅಂಟಿಸುವುದು, ಇಷ್ಟೇ ಬಾಕಿ.

ಅವನ ಹವ್ಯಾಸಿ ಸಂಘದ ಹಿರಿಯರೊಬ್ಬರು ಇದನ್ನು ಕೇಳಿಕೊಂಡು ಬಂದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ಪಟ್ಟಿ ಇಟ್ಟುಕೊಂಡು ತಿರುಗುತ್ತಾರೆ. ನಾವು ಗಂಡ ಹೆಂಡತಿ ಅವರನ್ನು ವರ್ನಿಯರ್ ಅಂತಲೇ ಕರೆಯುತ್ತಿದ್ದದ್ದು, ಬೆನ್ನ ಹಿಂದೆ.

“ನೋಡಮ್ಮ, ಭಾನುವಾರ ನಮ್ಮ ಪ್ರದರ್ಶನ ಇದೆ, ಸ್ಪರ್ಧೆನೂ ಇದೆ. ಈ ಕಾರನ್ನ ನನಗೆ ಕೊಡು. ಅರ್ಧ ದಿನದ ಕೆಲಸ, ಮುಗಿಸಿ ಅವನ ಹೆಸರಲ್ಲೇ ಇಡ್ತೀನಿ.”

“ಬೇಡ. ನಾನೇ ಮುಗಿಸ್ತೀನಿ.”

ಯಾಕೆ ಹಾಗೆಂದೆನೋ. ಹಟ, ಅಷ್ಟೇ. ಬಾಯಿಂದ ಬಂದ ಮೇಲೆ ನನಗೇ ಆಶ್ಚರ್ಯವಾಯಿತು. ಅವರಿಗೂ ಆಗಿರಬೇಕು, ವರ್ನಿಯರನ್ನು ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟರು.

“ಅಭ್ಯಾಸ ಇಲ್ಲದೋರಿಗೆ ಕಷ್ಟಮ್ಮ.”

“ದಿನಾ ಹಲ್ಲು ಅಂಟಿಸ್ತೀನಿ ಸಾರ್. ಬಾಯೊಳಗೆ ಕೂರೋದನ್ನ ಅಂಟಿಸೋಳಿಗೆ ಗಾಜು ಯಾವ ಲೆಕ್ಕ?”

ಹೇಳಿದ್ದು ಜೋರಾಗಿ. ಆದರೆ ಅದು ಅವನ ಕೈಯ ಕೊನೆಯ ಕೆಲಸ, ನನ್ನಿಂದ ಕೆಟ್ಟರೆ ಇನ್ನೊಂದು ಬರುವುದಿಲ್ಲ, ಇಷ್ಟು ನನಗೆ ಗೊತ್ತಿತ್ತು. ಇನ್ನೊಂದು ಮಾತೂ ಇತ್ತು. ಇದನ್ನು ಮುಗಿಸುವಾಗಲಾದರೂ ಏನಾದರೂ ಅನ್ನಿಸೀತು ಎಂದು ಆಸೆ. ಆಗಲೂ ಅನ್ನಿಸದಿದ್ದರೆ ನಾದಿನಿ ಹೇಳಿದ್ದು ನಿಜವೆಂದು ಒಪ್ಪಿಕೊಂಡುಬಿಡುವುದು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಕೈಗೆ ಲ್ಯಾಬಿನ ಗ್ಲೌಸು ಹಾಕಿಕೊಂಡು ಆ ಮೇಜಿನ ಮುಂದೆ ಕೂತೆ. ಗಾಜು ಎಂದರೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕು. ಅದನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟಿದ್ದ. ಚೌಕಟ್ಟಿಗೆ ಹೊಂದುತ್ತದೆಯೇ ಎಂದು ಎಷ್ಟೋ ಸಲ ಕೂರಿಸಿ ತೆಗೆದಿರುತ್ತಾನೆ, ಎಲ್ಲ ಚಿಮಟದಲ್ಲೇ. ಗಾಜನ್ನು ಬರಿಗೈಯಲ್ಲಿ ಮುಟ್ಟುವುದೆಂದರೆ ಅವನ ಪಾಲಿಗೆ ಮಹಾಪರಾಧ. ಒಂದು ಸಲ ಟೀ ಕೊಡಲು ಹೋದವಳು, ಏನಿದು ಎಂದು ಒಂದು ಗಾಜನ್ನು ಎತ್ತಿ ನೋಡಿದ್ದಕ್ಕೆ ಮನೆ ಹಾರಿಹೋಗುವ ಹಾಗೆ ಕೂಗಿದ್ದ. “ಗಾಜು ಮುಟ್ಟಬಾರದು! ಬೆರಳಿನ ಎಣ್ಣೆ ಹೋಗಲ್ಲ ಅದು!”

ನಾನು ಬಿಡುತ್ತೇನೆಯೇ? “ನಿಜವಾದ ಕಾರಲ್ಲಿ ನೀನು ಮಾಡ್ತಿದ್ದಿದ್ದೇನು?” ಎಂದು ಕೇಳಿದ್ದೆ.

ಆ ಹಸಿರು ಗಾಡಿಯಲ್ಲಿ ಗಾಜಿಗೆ ಗಾಳಿ ಊದುವ ಬ್ಲೋವರ್ ಕೆಟ್ಟಿತ್ತು. ಮಳೆ ಬಂದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ನಮ್ಮಿಬ್ಬರ ಉಸಿರಿಗೇ ಗಾಜು ಮಂಜಾಗುತ್ತಿತ್ತು. ಅವನು ಹೆಬ್ಬೆರಳನ್ನು ಗಾಜಿಗೆ ಒತ್ತಿ ಉಜ್ಜಿ, ಕಣ್ಣಿನಷ್ಟು ಕಿಂಡಿ ಮಾಡಿಕೊಂಡು ಅದರಲ್ಲಿ ಇಣುಕುತ್ತ ಗಾಡಿ ಓಡಿಸುತ್ತಿದ್ದ. ಮರುದಿನ ಬಿಸಿಲಿಗೆ ಗಾಜಿನ ತುಂಬ ಹೆಬ್ಬೆರಳು. ನಾನು ಒಂದು ಹಳದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮುಂದೆ ಇಟ್ಟೆ, ಇದರಲ್ಲಿ ಒರೆಸು ಎಂದೆ. ಆ ಗಾಡಿ ಮಾರುವವರೆಗೂ ಅವನು ಅದನ್ನು ಮುಟ್ಟಲಿಲ್ಲ. ಜಗಳವಾಡಿ ಜಗಳವಾಡಿ ನನ್ನ ಬಾಯಿ ನೋಯುತ್ತಿತ್ತು.

ಕಾರಿನ ತಳವನ್ನು ಹತ್ತಿರ ಎಳೆದುಕೊಂಡಾಗ ಕಂಡಿತು. ಸ್ಟೇರಿಂಗಿನ ಪಕ್ಕ, ನಾನು ಕೂರುತ್ತಿದ್ದ ಸೀಟಿನ ಎದುರಿಗೆ, ಬಟಾಣಿ ಕಾಳಿನಷ್ಟು ಹಳದಿ. ಕಾಗದಕ್ಕೆ ಬಣ್ಣ ಬಳಿದು ಮಾಡಿದ ಬಟ್ಟೆ. ಭೂತಗನ್ನಡಿ ಹಿಡಿದು ಮಡಿಕೆ ಎಣಿಸಿದೆ. ನಾಲ್ಕು.

ಈಗ ಅಳಬೇಕು ಎಂದುಕೊಂಡೆ. ಕಾದೆ. ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಪೀಂ ಪೀಂ ಎನ್ನುತ್ತಿತ್ತು. ಅದು ನಿಂತಿತು. ನಾಲ್ಕು ಮಡಿಕೆ ಸರಿಯಾಗಿದೆ ಎಂದು ಮಾತ್ರ ಅನ್ನಿಸಿತು, ಮತ್ತೇನೂ ಇಲ್ಲ.

ಗಾಜಿಗೆಂದೇ ಅವನು ಇಟ್ಟುಕೊಂಡಿದ್ದ ಬಿಳಿ ಗೋಂದು ಎರಡು ತಿಂಗಳಲ್ಲಿ ಒಣಗಿ ಕಲ್ಲಾಗಿತ್ತು. ನನ್ನ ಚೀಲದಲ್ಲಿ ಲ್ಯಾಬಿನ ಸೂಪರ್ ಗ್ಲೂ ಇತ್ತು, ಮುಟ್ಟಿದರೆ ಹಿಡಿದುಕೊಳ್ಳುವಂಥದ್ದು. ಅದನ್ನೇ ಸೂಜಿಯ ತುದಿಯಲ್ಲಿ ತೆಗೆದು ಚೌಕಟ್ಟಿಗೆ ಒಳಗಿನಿಂದ ಸವರಿ, ಚಿಮಟದಲ್ಲಿ ಗಾಜು ಹಿಡಿದು ಕೂರಿಸಿದೆ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಆಮೇಲೆ ಮೇಲಿನ ಮೈಯನ್ನು ತಳಕ್ಕೆ ಸೇರಿಸಿದೆ. ಹಸಿ ಅಂಟಿಗೆ ದೂಳು ಕೂರಬಾರದು ಎಂದು ಅವನು ಬೊಬ್ಬೆ ಹೊಡೆಯುತ್ತಿದ್ದದ್ದು ನೆನಪಿತ್ತಲ್ಲ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದೆ. ಕೆಲಸ ಮುಗಿಯಿತು. ಕೈ ತೊಳೆದುಕೊಂಡು ಅನ್ನಕ್ಕಿಟ್ಟೆ.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದೆ. ಕಾರಿನ ಗಾಜುಗಳೆಲ್ಲ ಬೆಳ್ಳಗಾಗಿದ್ದವು.

ಒರೆಸಿದೆ, ಹೋಗಲಿಲ್ಲ. ಬಿಳುಪು ಒಳಗಡೆ ಹತ್ತಿತ್ತು. ಒಳಗಿನ ಸೀಟಿಲ್ಲ, ಸ್ಟೇರಿಂಗಿಲ್ಲ, ಹಳದಿ ಬಟ್ಟೆಯಿಲ್ಲ, ಏನೂ ಕಾಣುವುದಿಲ್ಲ. ಕೆಡಿಸಿಬಿಟ್ಟೆ ಎಂದು ತಿಳಿಯಿತು. ತಿಳಿದದ್ದು ತಲೆಗೆ ಮಾತ್ರ. ಅದನ್ನು ಪ್ರದರ್ಶನಕ್ಕೆ ಒಯ್ಯಲು ವರ್ನಿಯರ್ ಬರುವವರೆಗೂ ಕಾರನ್ನು ಮುಂದಿಟ್ಟುಕೊಂಡು ಹಾಗೇ ಕೂತಿದ್ದೆ.

ಅವರು ಬಾಗಿಲಲ್ಲೇ ನಿಂತು ಕಾರು ನೋಡಿ, “ಸೂಪರ್ ಗ್ಲೂ?” ಎಂದರು.

“ಹೂಂ.”

“ಮುಚ್ಚಿಟ್ಟೆ?”

“ದೂಳು ಕೂರತ್ತೆ ಅಂತ.”

“ಅಯ್ಯೋ ದೇವರೇ.” ಬಂದು ಕೂತರು. “ಅದರ ಆವಿ ಇರತ್ತಲ್ಲಮ್ಮ, ಅದು ಗಾಜಿಗೆ ಹತ್ತಿ ಹೀಗೆ ಬೆಳ್ಳಗಾಗತ್ತೆ. ಗಾಳಿಗೆ ಬಿಟ್ಟಿದ್ರೆ ಇಷ್ಟಾಗ್ತಿರಲಿಲ್ಲ. ಅವನು ಹೇಳಿರಲಿಲ್ವಾ?”

ಹೇಳಿದ್ದ. ಇಪ್ಪತ್ತೆರಡು ವರ್ಷ ಇದನ್ನೇ ಹೇಳಿದ್ದ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಲ್ಯಾಬಿನಲ್ಲಿ ಇಡೀ ದಿನ ಫ್ಯಾನು ತಿರುಗುತ್ತದೆ, ಅಲ್ಲಿ ಯಾವ ಹಲ್ಲೂ ಹೀಗಾಗಿದ್ದಿಲ್ಲ.

“ಚಿಂತೆ ಬೇಡ. ಬಿಚ್ಚಿ ಪಾಲಿಶ್ ಮಾಡಿದ್ರೆ ಹೋಗತ್ತೆ. ಒಂದು ಗಂಟೆ ಸಾಕು,” ಎಂದು ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದವರು ತಡೆದರು. ಕನ್ನಡಕ ಹಣೆಗೇರಿಸಿ ಭೂತಗನ್ನಡಿ ಹಿಡಿದರು. “ಆದ್ರೂ ಗಾಜನ್ನ ಬರಿಗೈಲಿ ಮುಟ್ಟಬಾರದಿತ್ತು ನೀನು.”

“ನಾನು ಮುಟ್ಟಿಲ್ಲ. ಗ್ಲೌಸ್ ಹಾಕಿದ್ದೆ.”

“ಮತ್ತೆ ಇದೇನು? ಡ್ರೈವರ್ ಕಡೆ ನೋಡು. ಹೆಬ್ಬೆರಳು. ಈ ಆವಿ ಬೆರಳಿನ ಎಣ್ಣೆ ಇದ್ದ ಕಡೆ ಜಾಸ್ತಿ ಹತ್ತತ್ತೆ. ಅಲ್ಲೀವರೆಗೂ ಕಣ್ಣಿಗೆ ಕಾಣಲ್ಲ. ಪೊಲೀಸ್ನೋರು ಕಳ್ಳರ ಗುರುತು ಎತ್ತೋದೂ ಹೀಗೇನೆ.”

ಭೂತಗನ್ನಡಿ ಕಸಿದುಕೊಂಡೆ. ಮುಂದಿನ ಗಾಜಿನ ಬಲಭಾಗದಲ್ಲಿ, ತೆಳು ಬಿಳುಪಿನ ನಡುವೆ ದಟ್ಟ ಬಿಳಿ ಗೆರೆಗಳು, ಒಂದರೊಳಗೊಂದು ಸುತ್ತಿಕೊಂಡಿದ್ದವು. ಆ ಪುಟ್ಟ ಗಾಜಿಗೆ ಆ ಬೆರಳು ತೀರ ದೊಡ್ಡದು, ಅರ್ಧ ಗಾಜನ್ನೇ ತುಂಬಿತ್ತು. ಗೆರೆಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿಕೊಂಡು ಒಂದು ಖಾಲಿ ಅಡ್ಡಗೀರು ಹೋಗಿತ್ತು.

ಆ ಗೀರು ನನಗೆ ಗೊತ್ತು. ಅವನ ಹೆಬ್ಬೆರಳನ್ನು ಲಿಫ್ಟಿನ ತಂತಿ ಕೊಯ್ದದ್ದು, ಐದು ಹೊಲಿಗೆ. ಒಂದು ತಿಂಗಳು ಅವನ ತಟ್ಟೆಯ ಅನ್ನ ಕಲಸಿ ಕೊಟ್ಟವಳು ನಾನು.

“ಕಳ್ಳ,” ಎಂದೆ.

“ಏನಮ್ಮ?”

“ನಿಮಗಲ್ಲ.” ಕಾರಿಗೆ ಹೇಳಿದೆ, “ನನಗೆ ಮುಟ್ಟಬೇಡ ಮುಟ್ಟಬೇಡ ಅಂತ ಬಾಯಿ ಬಡ್ಕೋತಿದ್ದೆ. ನೀನು ಮುಟ್ಟಿದೀಯ. ಯಾರೂ ಇಲ್ಲದಾಗ ಆರಾಮಾಗಿ ಹೆಬ್ಬೆರಳು ಒತ್ತಿದೀಯ. ನಾಚಿಕೆ ಆಗಲ್ವಾ?”

ಎರಡು ತಿಂಗಳಲ್ಲಿ ಅವನ ಜೊತೆ ಮಾತಾಡಿದ್ದು ಅದೇ ಮೊದಲು, ಅದೂ ಬೈಗುಳ. ವರ್ನಿಯರ್ ಕಿಟಕಿಯಾಚೆ ನೋಡುತ್ತ ನಿಂತರು. ಇಂಜೆಕ್ಷನ್ನಿನ ಜೋಮು ಇಳಿಯುವಾಗ ತುಟಿಯ ಅಂಚು ಜುಮ್ಮೆನ್ನುತ್ತದೆ, ನನಗೆ ಎದೆಯ ಹತ್ತಿರ ಎಲ್ಲೋ ಹಾಗಾಯಿತು. ಸುಖವೇನಲ್ಲ, ನೋವು.

ಅವರು ಮೆಲ್ಲಗೆ ಕೇಳಿದರು. “ಬಿಚ್ಚಿ ಪಾಲಿಶ್ ಮಾಡ್ಲಾ?”

“ಬೇಡ. ಹೀಗೇ ಇಡಿ.”

“ತೀರ್ಪುಗಾರ ನಾನೇ ಕಣಮ್ಮ. ಅಂಕ ಕಳೀಬೇಕಾಗತ್ತೆ. ಅವನ ಕಾರು ಅಂತ ಬಿಟ್ರೆ ತಪ್ಪಾಗತ್ತೆ.”

“ಕಳೀರಿ. ಬಿಟ್ರೆ ಅವನೇ ನಿಮ್ಮನ್ನ ಸುಮ್ನೆ ಬಿಡ್ತಿರಲಿಲ್ಲ. ಆದ್ರೆ ಯಾಕೆ ಕಳೆದ್ರಿ ಅಂತ ಬರೀರಿ.”

ಪ್ರದರ್ಶನ ಒಂದು ಶಾಲೆಯ ಹಾಲಿನಲ್ಲಿ. ಉದ್ದ ಮೇಜುಗಳ ಮೇಲೆ ನೂರಾರು ಪುಟ್ಟ ಕಾರುಗಳು ಫಳಫಳ ಹೊಳೆಯುತ್ತಿದ್ದವು. ನಡುವೆ ನಮ್ಮದೊಂದು ಮಂಜು ಹಿಡಿದು ನಿಂತಿತ್ತು. ನೋಡಿದವರು ಬಗ್ಗಿ, ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಿದ್ದರು. ನಾದಿನಿಯೂ ಬಂದಿದ್ದಳು. “ಏನತ್ತಿಗೆ, ಅಣ್ಣನ ಕಾರನ್ನ ಹೀಗೆ ಮಾಡಿದೀರ!” ಎಂದಳು.

ವರ್ನಿಯರ್ ಬಂದರು. ನನ್ನ ಗುರುತೇ ಇಲ್ಲದವರ ಹಾಗೆ ಬಾಗಿಲಿನ ಸಂದು ಅಳೆದರು, ಚಕ್ರ ಅಳೆದರು, ಮುಂದಿನ ಗಾಜಿನ ಮುಂದೆ ತುಂಬ ಹೊತ್ತು ಬಗ್ಗಿ ನಿಂತರು. ಬರೆದ ಚೀಟಿಯನ್ನು ಕಾರಿನ ಮುಂದಿಟ್ಟು, ಮೂಗು ಒರೆಸಿಕೊಳ್ಳುತ್ತ ಪಕ್ಕದ ಮೇಜಿಗೆ ಹೋದರು.

ಚೀಟಿ ಎತ್ತಿಕೊಂಡೆ. ಸರ್ಕಾರಿ ಅಕ್ಷರ, ಗುಂಡಗೆ, ಒಂದೂ ಗೆರೆ ದಾಟಿರಲಿಲ್ಲ. ತಯಾರಿಸಿದವರು ಎಂಬಲ್ಲಿ ಅವನ ಹೆಸರು. ದೋಷಗಳು ಎಂಬಲ್ಲಿ, “ಗಾಜಿನ ಒಳಭಾಗ ಮಂಜಾಗಿದೆ. ಚಾಲಕನ ಕಡೆ ತಯಾರಿಸಿದವರ ಹೆಬ್ಬೆರಳಿನ ಗುರುತು ಇದೆ. ಕಡಿತ: ಐದು ಅಂಕ.”

ಇತ್ತು ಎಂದಲ್ಲ, ಇದೆ ಎಂದು ಬರೆದಿದ್ದರು. ಅದೊಂದು ಶಬ್ದವನ್ನು ಮತ್ತೆ ಮತ್ತೆ ಓದಿದೆ. ನಾದಿನಿ “ಅತ್ತಿಗೆ, ಅತ್ತಿಗೆ” ಎಂದು ತೋಳು ಹಿಡಿದುಕೊಂಡಾಗಲೇ, ಅಷ್ಟು ಜನರ ನಡುವೆ ನಾನು ಜೋರಾಗಿ ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು.