ನೆನೆದು ಒಣಗಿದ ಜೋಳ

ಧಾನ್ಯದ ಮಾರುಕಟ್ಟೆಯಲ್ಲಿ ನನ್ನ ಗಂಡನನ್ನು ಎಲ್ಲರೂ ಮೂಗಣ್ಣ ಎಂದೇ ಕರೆಯುತ್ತಿದ್ದರು. ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಲ್ಲುವ ದಲ್ಲಾಳಿ ಅವರು. ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ಒಂದು ಹಿಡಿ ಮೆಕ್ಕೆಜೋಳ ತೆಗೆದು, ಮೂಸಿ, "ಒಳ್ಳೇದು" ಎಂದರೆ ಮುಗಿಯಿತು. ಉಳಿದ ಮುನ್ನೂರು ಚೀಲದ ಬಾಯಿಯನ್ನು ಯಾರೂ ಬಿಚ್ಚುತ್ತಿರಲಿಲ್ಲ. ಮೂಗಣ್ಣ ಸೀನಿದರೆ ದರ ಬೀಳುತ್ತದೆ ಎಂದು ಹಮಾಲರು ತಮಾಷೆ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಬಂದ ಜ್ವರ ಆ ಮೂಗನ್ನು ಕಿತ್ತುಕೊಂಡು ಹೋಯಿತು. ಜ್ವರ ಬಿಟ್ಟ ವಾರದಲ್ಲೇ ಒಂದು ದಿನ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ನಾರುತ್ತಿತ್ತು. ಇವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನಾನು ಹಿತ್ತಲಿನಿಂದ ಓಡಿಬಂದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಯಾರಿಗೂ ಹೇಳ್ಬೇಡ ಕಣೇ," ಎಂದರು. "ಗೊತ್ತಾದ್ರೆ ನಾಳೆಯಿಂದ ನನ್ನನ್ನ ನಾಯಿನೂ ಮೂಸಲ್ಲ."

ಅಂದಿನಿಂದ ಮೂಸುವ ಕೆಲಸ ನನ್ನದಾಯಿತು. ಸಂಜೆ ಅವರು ಕಾಗದದ ಪೊಟ್ಟಣಗಳಲ್ಲಿ ಮಾದರಿ ತರುತ್ತಿದ್ದರು. ಅಡುಗೆಮನೆಯ ಕಿಟಕಿಯ ಬಳಿ ನಿಂತು ಒಂದೊಂದನ್ನೇ ಮೂಸುತ್ತಿದ್ದೆ. ಒಳ್ಳೆಯದಾದರೆ ಪೊಟ್ಟಣದ ಬಾಯಿ ಹೊರಕ್ಕೆ ಮಡಚುವುದು, ಕೆಟ್ಟದ್ದಾದರೆ ಒಳಕ್ಕೆ. ಬೆಳಿಗ್ಗೆ ಅವರು ಜನರೆದುರು ಅದನ್ನು ಬಿಚ್ಚಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು ತೀರ್ಪು ಕೊಡುವರು. ಮೂಗಣ್ಣನ ಮೂಗು ವಯಸ್ಸಾದಂತೆ ಇನ್ನೂ ಚುರುಕಾಗಿದೆ ಎಂದು ಜನ ಮಾತಾಡಿಕೊಂಡರಂತೆ. ಅದನ್ನು ಹೇಳಿ ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮಗಳ ಹೆರಿಗೆಗೆಂದು ನಾನು ಐದು ದಿನ ಹೋಗಬೇಕಾಯಿತು. "ನಾನು ಬರೋತನಕ ಯಾವ ಮಾಲೂ ಒಪ್ಪಬೇಡಿ ರೀ," ಎಂದು ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ್ದೆ. ಮೂರನೆಯ ದಿನ ಕೋಳಿ ಆಹಾರದ ಗಿರಣಿಯ ಯಜಮಾನರಿಗೆ ಜೋಳ ತುರ್ತಾಗಿ ಬೇಕಾಯಿತು. ಇಪ್ಪತ್ತು ವರ್ಷದ ಸ್ನೇಹ. ಆಗುವುದಿಲ್ಲ ಎನ್ನಲು ಇವರಿಗೆ ನೆಪ ಸಿಗಲಿಲ್ಲ. ಕಾಳು ಚಿನ್ನದ ಬಣ್ಣಕ್ಕಿತ್ತು, ಹಲ್ಲಿಗೆ ಕಟಕ್ಕೆಂದು ಒಡೆಯಿತು. ಒಪ್ಪಿಬಿಟ್ಟರು. ಒಮ್ಮೆ ನೆನೆದು, ಮುಗ್ಗಿ, ಮತ್ತೆ ಒಣಗಿಸಿದ ಜೋಳ ಕಣ್ಣಿಗೆ ಗೊತ್ತಾಗುವುದಿಲ್ಲ, ಹಲ್ಲಿಗೂ ಗೊತ್ತಾಗುವುದಿಲ್ಲ. ಮೂಗೊಂದೇ ಅದನ್ನು ಹಿಡಿಯಬಲ್ಲದು.

ನಾನು ಹಿಂದಿರುಗಿ ಹತ್ತು ದಿನವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಗಿರಣಿಯವರು ಬಂದರು. ಕೂರಿ ಎಂದರೂ ಕೂರಲಿಲ್ಲ.

"ಆ ಜೋಳ ತಿಂದು ಸಾವಿರದ ಇನ್ನೂರು ಕೋಳಿಮರಿ ಸತ್ತವು ಕಣೋ. ಕಾಲು ಮಡಚ್ಕೊಂಡು ಸಾಲಾಗಿ ಬಿದ್ದವು. ಅದನ್ನ ಮಾರಿದವನ ಹತ್ರ ಎಷ್ಟು ದುಡ್ಡು ತಿಂದೆ, ಹೇಳು."

"ಏನು ಮಾತಾಡ್ತಿದ್ದೀಯ? ನಾನು ಒಂದು ಕಾಸೂ ಮುಟ್ಟಿಲ್ಲ."

"ಹಾಗಾದ್ರೆ ಇದನ್ನ ನೋಡು." ಜೇಬಿನಿಂದ ಎರಡು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. "ಒಂದು ನೀನು ಕೊಡಿಸಿದ್ದು, ಒಂದು ಇವತ್ತು ಬಂದ ಹೊಸ ಮಾಲು. ಯಾವುದು ಯಾವುದು? ನಿನ್ನ ಮೂಗಿಗೆ ಇದೇನು ದೊಡ್ಡದು!"

ಬಾಗಿಲ ಬಳಿ ನಿಂತಿದ್ದ ನನಗೇ ವಾಸನೆ ಬಡಿಯಿತು. ಬಹುಕಾಲ ಮುಚ್ಚಿಟ್ಟ ಕೋಣೆಯ ಮುಗ್ಗಲು. ಒಂದರಿಂದ ಅಲ್ಲ, ಎರಡರಿಂದಲೂ.

ಇವರು ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು, ಮತ್ತೆ ಮೊದಲನೆಯದನ್ನು ಎತ್ತಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಎರಡು ವರ್ಷದಲ್ಲಿ ಕಣ್ಣಲ್ಲೇ ಮಾತಾಡುವುದು ನಮಗೆ ಅಭ್ಯಾಸವಾಗಿತ್ತು. ಎರಡೂ ಕೆಟ್ಟದ್ದೇ ಎಂದು ನಾನು ತಲೆಯನ್ನು ಒಂದಿಷ್ಟು ಅಡ್ಡಡ್ಡ ಆಡಿಸಿದ್ದರೂ ಸಾಕಿತ್ತು. ಆದರೆ ಆ ಮರಿಗಳ ಕಾಲು ನನ್ನ ಕಣ್ಣ ಮುಂದೆ ಇತ್ತು. ನಾನು ಇನ್ನೊಮ್ಮೆ ಐದು ದಿನ ಎಲ್ಲಿಗಾದರೂ ಹೋದರೆ? ಆಗ ಆ ಮಾಲು ಕೋಳಿಗಲ್ಲ, ಮಕ್ಕಳು ತಿನ್ನುವ ಹಿಟ್ಟಿಗೆ ಹೋದರೆ?

ನಾನು ನೆಲ ನೋಡಿದೆ.

"ಎಡಗಡೇದು ಕೆಟ್ಟದ್ದು," ಎಂದರು ಇವರು, ಮಾರುಕಟ್ಟೆಯ ದೊಡ್ಡ ದನಿಯಲ್ಲಿ. "ಬಲಗಡೇದು ಅಪ್ಪಟ ಮಾಲು."

ಗಿರಣಿಯವರ ಸಿಟ್ಟು ಹಾಗೇ ಇಳಿದುಹೋಯಿತು. ಈಗ ಕುರ್ಚಿ ಎಳೆದುಕೊಂಡು ಕೂತರು. "ಎರಡೂ ಒಂದೇ ಚೀಲದ್ದು ಕಣೋ." ನನ್ನ ಕಡೆ ತಿರುಗಿದರು. "ಎಷ್ಟು ದಿನದಿಂದ ಹೀಗೆ, ಅತ್ತಿಗೆ?"

"ಎರಡು ವರ್ಷ."

"ಕಳ್ಳ ಅಂದ್ಕೊಂಡು ಬಂದೆ. ಕಾಲರ್ ಹಿಡಿದು ಕೇಳೋಣ ಅಂತ. ಈಗ ಏನು ಹಿಡೀಲಿ ನಾನು?" ಪೊಟ್ಟಣಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನಾನು ಯಾರಿಗೂ ಹೇಳಲ್ಲ. ಆದ್ರೆ ನೀನು ಇನ್ನು ಮಾರುಕಟ್ಟೆಗೆ ಬರಬೇಡ."

ಅವರು ಹೋದ ಮೇಲೆ ಇವರು ನನ್ನ ಕಡೆ ತಿರುಗಿದರು.

"ತಲೆ ಆಡಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಎಲ್ಲಾ ಗೊತ್ತಿದ್ದೂ ಮೋಸ ಮಾಡಿದ್ರಿ ಅಂತಿದ್ರು. ಕಳ್ಳ ಅಂತಿದ್ರು."

"ಅನ್ನಲಿ ಬಿಡು. ಕಳ್ಳರನ್ನ ಮಾರುಕಟ್ಟೆ ಮರೆಯುತ್ತೆ. ಅಯ್ಯೋ ಪಾಪ ಅನ್ನಿಸಿಕೊಂಡವರನ್ನ ಮರೆಯಲ್ಲ."

ಮರುವಾರ ಮಾರುಕಟ್ಟೆಯ ಬಾಡಿಗೆ ಮಳಿಗೆಯ ಬೀಗದ ಕೈ ಹಿಂದಿರುಗಿಸಿದರು. ಯಾಕೆ ಎಂದು ಕೇಳಿದವರಿಗೆ ಮಂಡಿ ಸವೆದಿದೆ, ನಿಲ್ಲಲಾಗುವುದಿಲ್ಲ ಎಂದರು. ನೋಡಲು ಬಂದ ಹಮಾಲರೆದುರು ಕುಂಟಿ ತೋರಿಸಿದರು. ಮೊದಮೊದಲು, ಬಂದವರು ಮೆಟ್ಟಿಲಿಳಿದ ಕೂಡಲೇ ಇವರು ನೆಟ್ಟಗೆ ನಡೆಯುತ್ತಿದ್ದರು. ಈಗ ನಾವಿಬ್ಬರೇ ಇದ್ದಾಗಲೂ ಕುಂಟುತ್ತಾರೆ. ಗೋಡೆ ಹಿಡಿದು ಬಂದು ಮಂಚದ ಮೇಲೆ ಕೂತು ಕಾಲು ನೀಡುತ್ತಾರೆ. ನಾನು ಎಣ್ಣೆ ಬೆಚ್ಚಗೆ ಮಾಡಿ ತಂದು, ಏನೂ ಆಗಿಲ್ಲದ ಆ ಮಂಡಿಗೆ ತಿಕ್ಕುತ್ತೇನೆ. "ಇಲ್ಲೇ ನೋವಾ ರೀ?" ಎಂದು ಕೇಳುತ್ತೇನೆ. "ಹ್ಞೂಂ, ಅಲ್ಲೇ," ಎನ್ನುತ್ತಾರೆ.